ಚಿಕಿತ್ಸೆ ಮುಗಿದ ಮೇಲಿನ ಬಾಳುವೆ

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ಉಪಾಧ್ಯಾಯಿನಿಯಾದ ನಾನು ವ್ಯಾಕರಣವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ಬರೆಯುವುದು ವಾಡಿಕೆ. ಈ ಸಲ ಒಂದು ರೋಗದ ವಿಷಯ ಬರೆಯುತ್ತಿದ್ದೇನೆ. ರೋಗದ ವಿಷಯ ಎನ್ನುವುದಕ್ಕಿಂತ ರೋಗಕ್ಕೆ ಚಿಕಿತ್ಸೆ ಮುಗಿದ ಮೇಲಿನ ಬಾಳುವೆಯ ವಿಷಯ ಎಂದರೆ ಹೆಚ್ಚು ಸರಿ. ನಿಮ್ಮ ತಂದೆತಾಯಿಯರೂ ಇದನ್ನು ಓದಬೇಕು. ಓದು ಬಾರದ ಅಜ್ಜಿಯಂದಿರಿಗೆ ನೀವೇ ಗಟ್ಟಿಯಾಗಿ ಓದಿ ಹೇಳಬೇಕು ಎಂಬುದು ನನ್ನ ಕೋರಿಕೆ. ಗಟ್ಟಿಯಾಗಿ ಓದಲು ನಾಚಬೇಕಾದ ಮಾತು ಇದರಲ್ಲಿ ಒಂದೂ ಇಲ್ಲ.

ಮೊದಲು ಪದಗಳಿಂದಲೇ ತೊಡಗೋಣ. ಕ್ಯಾನ್ಸರ್ ಎಂಬುದು ಲ್ಯಾಟಿನ್ ಭಾಷೆಯ ಮಾತು, ಏಡಿ ಎಂದು ಅದರ ಅರ್ಥ. ಅದಕ್ಕೂ ಮೊದಲು ಗ್ರೀಕ್ ವೈದ್ಯರು ಇದೇ ಅರ್ಥದ 'ಕಾರ್ಕಿನೋಸ್' ಎಂಬ ಹೆಸರನ್ನು ಬಳಸುತ್ತಿದ್ದರು. ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳು ಅವರ ಕಣ್ಣಿಗೆ ಏಡಿಯ ಕಾಲುಗಳಂತೆ ಕಂಡವಂತೆ. ನಮ್ಮ ಕನ್ನಡದ 'ಏಡಿಗಂತಿ' ಎಂಬ ಪದದಲ್ಲಿಯೂ ಆ ಏಡಿ ಇದೆ. ಸಂಸ್ಕೃತದಲ್ಲಿ 'ಅರ್ಬುದ' ಎನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಈ ಪದ ಬಂದಿದೆ. ಇನ್ನು ಸ್ತನ ಎಂಬ ಪದ. ನಾವು ಎರಡು ಭಾಷೆಗಳ ನಡುವೆ ಬೆಳೆದವರು. ತೆಲುಗಿನ 'ರೊಮ್ಮು' ಎಂಬ ಮಾತಿಗೆ ಸ್ತನವೆಂದೂ ಅರ್ಥ, ಎದೆಯೆಂದೂ ಅರ್ಥ. ಕನ್ನಡದ 'ಎದೆ'ಯೂ ಹಾಗೆಯೇ. ಮಗು ಕುಡಿಯುವುದು ಎದೆಹಾಲು, ಧೈರ್ಯವಿದ್ದವನು ಎದೆಗಾರ, ಧೈರ್ಯ ಕಳೆದುಕೊಂಡವನು ಎದೆಗುಂದಿದವನು. ಇಷ್ಟೆಲ್ಲ ಗೌರವವುಳ್ಳ ಮಾತನ್ನು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತದೆ. ಆ ನಗುವಿಗೆ ಅಂಜಿಯೇ ಎಷ್ಟೋ ಮಂದಿ ತಾಯಂದಿರು ಗಂಟನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಾರೆ.

ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. 2022ನೆಯ ಇಸವಿಯ ಅಂದಾಜಿನಂತೆ ಆ ಒಂದು ವರ್ಷದಲ್ಲಿ ನಮ್ಮ ದೇಶದ ಸುಮಾರು 1,92,000 ಮಹಿಳೆಯರಲ್ಲಿ ಇದು ಹೊಸದಾಗಿ ಕಂಡುಬಂತು. ಅಪರೂಪಕ್ಕೆ ಗಂಡಸರಿಗೂ ಬರುವುದುಂಟು. ಶರೀರದ ಜೀವಕೋಶಗಳು ಹದ್ದು ಮೀರಿ ಬೆಳೆಯುವುದೇ ರೋಗ. ಹೊರಗಿನಿಂದ ಬಂದು ಹರಡುವ ಕ್ರಿಮಿ ಇದಲ್ಲ. ಆದುದರಿಂದ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಇದು ಅಂಟುವುದಿಲ್ಲ. ವಿಜ್ಞಾನದ ಮೇಷ್ಟ್ರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ನಾನು ನಮ್ಮ ಮನೆಯ ಮಾತಿಗೆ ಬರುತ್ತೇನೆ.

ನನ್ನ ಅಕ್ಕನನ್ನು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಮಳೆಯನ್ನೇ ನೆಚ್ಚಿದ ಹೊಲ, ಕಡಲೆಕಾಯಿ ಬೆಳೆ, ಎರಡು ಎಮ್ಮೆ, ವಯಸ್ಸಾದ ಅತ್ತೆ, ಒಬ್ಬ ಮಗ, ಒಬ್ಬಳು ಮಗಳು. ಆರು ವರ್ಷಗಳ ಹಿಂದೆ ಕಡಲೆಕಾಯಿ ಕೀಳುವ ದಿನಗಳಲ್ಲಿ ಅವಳ ಬಲಗಡೆಯ ಸ್ತನದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿದ್ದಳು. ಭಾವನಿಗೆ ಹೇಳಲು ಸಂಕೋಚ, ಅತ್ತೆಗೆ ಹೇಳಲು ಅಂಜಿಕೆ. ಸಂಕ್ರಾಂತಿಗೆ ಹಿಂದೂಪುರಕ್ಕೆ ಬಂದಾಗ, ಎಳ್ಳು ಬೀರಲು ಹೊರಟ ಹೊತ್ತಿನಲ್ಲಿ, ನನ್ನನ್ನು ಒಳಕ್ಕೆ ಕರೆದು ಹೇಳಿದಳು. ನೋವಿಲ್ಲದ ಗಂಟನ್ನೂ ವೈದ್ಯರಿಗೆ ತಡಮಾಡದೆ ತೋರಿಸಬೇಕು ಎಂಬುದು ಆಗ ನಮಗಿಬ್ಬರಿಗೂ ತಿಳಿದಿರಲಿಲ್ಲ. ಆದರೂ ಮರುವಾರವೇ ರೈಲು ಹತ್ತಿದೆವು. ಹಿಂದೂಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರು. ನಮ್ಮ ಸೀಮೆಯಲ್ಲಿ ದೊಡ್ಡ ರೋಗವೆಂದರೆ ಆ ದಿಕ್ಕಿಗೇ ಮುಖ ಮಾಡುತ್ತೇವೆ. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯ ಹೆಸರು ನಮ್ಮ ಹಳ್ಳಿಗಳ ಮುದುಕರ ಬಾಯಲ್ಲಿಯೂ ಇದೆ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಮೂರು ವಾರಕ್ಕೊಮ್ಮೆ ಔಷಧದ ಡ್ರಿಪ್ಪು, ಅದು ಮುಗಿದ ಮೇಲೆ ವಿಕಿರಣ. ಎಂಟು ತಿಂಗಳು ನಮ್ಮ ಮನೆಯಲ್ಲಿಯೇ ಇದ್ದು ಹೋಗಿಬಂದಳು. ಕೊನೆಯ ದಿನ ವೈದ್ಯರು, "ಇನ್ನು ಊರಿಗೆ ಹೋಗಿ, ಚೆನ್ನಾಗಿರಿ" ಎಂದರು. ಚೆನ್ನಾಗಿರುವುದು ಹೇಗೆ ಎಂಬುದನ್ನು ಬರೆದಿದ್ದ ಒಂದು ಹಾಳೆಯನ್ನೂ ಕೊಟ್ಟಿದ್ದರು, ಚಿತ್ರಗಳ ಸಮೇತ. ಆ ಹಾಳೆಯನ್ನು ನಾವು ಫೈಲಿನಲ್ಲಿ ಭದ್ರವಾಗಿಟ್ಟು, ಫೈಲನ್ನು ಟ್ರಂಕಿನಲ್ಲಿ ಭದ್ರವಾಗಿಟ್ಟೆವು.

ಅಕ್ಕ ಊರಿಗೆ ಮರಳಿದ ದಿನ ಮನೆಯವರೆಲ್ಲ ಕುಳಿತು ಒಂದು ತೀರ್ಮಾನ ಮಾಡಿದೆವು. ಇನ್ನು ಮೇಲೆ ಅವಳು ಯಾವ ಕೆಲಸವನ್ನೂ ಮುಟ್ಟಕೂಡದು, ಬಲಗೈಯನ್ನಂತೂ ಅಲುಗಿಸಲೇ ಕೂಡದು. ಈ ತೀರ್ಮಾನದಲ್ಲಿ ಎಲ್ಲರಿಗಿಂತ ಮುಂದಾಗಿದ್ದವಳು ನಾನು. ಓದಿದವಳೆಂದು ನನ್ನ ಮಾತಿಗೆ ಬೆಲೆಯಿತ್ತು. ನಾಲ್ಕು ತಿಂಗಳ ನಂತರ ರಜೆಯಲ್ಲಿ ಹೋಗಿ ನೋಡಿದೆ. ಅಕ್ಕನ ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಹೆರಳು ಹಾಕಿಕೊಳ್ಳಲೂ ಆಗದು. ಮೈ ಏಳು ಕಿಲೋ ಹೆಚ್ಚಿತ್ತು. ಎಂಟನೆಯ ತರಗತಿಯಲ್ಲಿದ್ದ ಮಗಳು ಒಲೆಯ ಮುಂದೆ ಕುಳಿತಿದ್ದಳು. ಕೇಳಿದರೆ, ಎರಡು ತಿಂಗಳಿಂದ ಶಾಲೆಗೆ ವಾರಕ್ಕೆ ಎರಡೇ ದಿನ ಹೋಗುತ್ತಿದ್ದಾಳೆ. ಅಕ್ಕ ನನಗೆ ಹೇಳಿದ ಮಾತು ಇದು: "ನೀವೆಲ್ಲ ಸೇರಿ ನನ್ನನ್ನ ಮೂಲೇಲಿ ಒರಗಿಸಿಟ್ಟ ಒನಕೆ ಮಾಡಿದಿರಿ ಕಣಮ್ಮ. ಡಾಕ್ಟರು ಉಳಿಸಿದ್ದು ಇದಕ್ಕಾ?"

ಆ ರಾತ್ರಿಯೇ ಟ್ರಂಕಿನಿಂದ ಹಾಳೆಯನ್ನು ತೆಗೆದೆ. ಅಲ್ಲಿಂದ ಮುಂದೆ ವೈದ್ಯರನ್ನೂ ವ್ಯಾಯಾಮ ಚಿಕಿತ್ಸಕರನ್ನೂ ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಈಗ ಬರೆಯುತ್ತೇನೆ.

ಅಮೆರಿಕದ ಫಿಟ್ಜ್‌ಹ್ಯೂ ಮುಲ್ಲನ್ ಎಂಬವರು ಸ್ವತಃ ವೈದ್ಯರು. ತಾರುಣ್ಯದಲ್ಲಿಯೇ ಅವರಿಗೆ ಕ್ಯಾನ್ಸರ್ ಬಂದಿತ್ತು. 1985ರಲ್ಲಿ ಅವರು ಬರೆದ ಲೇಖನವೊಂದು ಹೆಸರಾಯಿತು. ರೋಗಿಯ ಬಾಳನ್ನು 'ಚಿಕಿತ್ಸೆ', 'ವಾಸಿ' ಎಂದು ಎರಡೇ ಭಾಗ ಮಾಡುವುದು ತಪ್ಪು, ಅದು ಮೂರು ಋತುಗಳಂತೆ ಎಂದರು. ರೋಗ ಗೊತ್ತಾಗಿ ಚಿಕಿತ್ಸೆ ನಡೆಯುವುದು ಮೊದಲನೆಯದು. ಚಿಕಿತ್ಸೆ ಮುಗಿದರೂ ದಣಿವು, ಭಯ ಮುಗಿಯದಿರುವುದು ಎರಡನೆಯದು. ರೋಗ ಬಹುಶಃ ಮರಳಲಾರದು ಎಂಬ ನೆಮ್ಮದಿ ನೆಲೆಯಾಗುವುದು ಮೂರನೆಯದು. ನಮ್ಮಲ್ಲಿ ಎಲ್ಲರೂ ಮೊದಲನೆಯ ಋತುವಿನಲ್ಲಿ ಓಡಿಬರುತ್ತಾರೆ, ಹಣ್ಣು ತರುತ್ತಾರೆ. ಎರಡನೆಯದರಲ್ಲಿ ಯಾರೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಬಾಳುವೆಯ ಗುಣಮಟ್ಟವನ್ನು ಅಳೆಯಲು 26 ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ. ಶರೀರ, ಮನಸ್ಸು, ಜನರೊಡನೆ ಸಂಬಂಧ, ಸುತ್ತಣ ಪರಿಸರ ಎಂಬ ನಾಲ್ಕು ನೆಲೆಗಳಲ್ಲಿ ಅದು ಕೇಳುತ್ತದೆ. ನಿದ್ದೆ ಹೇಗೆ, ಕೆಲಸ ಮಾಡುವ ಶಕ್ತಿ ಹೇಗೆ, ಕೈಯಲ್ಲಿ ಹಣವಿದೆಯೇ, ಸ್ನೇಹಿತರ ನೆರವಿದೆಯೇ ಇತ್ಯಾದಿ. ಉತ್ತರ ಹೇಳಬೇಕಾದವರು ಆ ವ್ಯಕ್ತಿಯೇ ಹೊರತು ಮನೆಯವರಲ್ಲ, ವೈದ್ಯರಲ್ಲ. ನಾವು ಅಕ್ಕನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಈಗ ಕೈಯ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಮೈಯಲ್ಲಿ ರಕ್ತನಾಳಗಳಲ್ಲದೆ ದುಗ್ಧರಸ ಎಂಬ ತಿಳಿಯಾದ ದ್ರವ ಹರಿಯುವ ಸಣ್ಣ ಕಾಲುವೆಗಳೂ ಇವೆ. ಕೈಯಿಂದ ಬರುವ ಈ ಕಾಲುವೆಗಳು ಕಂಕುಳಿನ ಗ್ರಂಥಿಗಳ ಮೂಲಕ ಹಾಯುತ್ತವೆ. ಆ ಗ್ರಂಥಿಗಳನ್ನು ತೆಗೆದರೆ, ಅಥವಾ ಅಲ್ಲಿಗೆ ವಿಕಿರಣ ಕೊಟ್ಟರೆ, ತೂಬು ಕಟ್ಟಿಕೊಂಡ ಕೆರೆಯ ಹಾಗೆ ದ್ರವ ಹಿಂದಕ್ಕೆ ನಿಂತು ಕೆಲವರಿಗೆ ಕೈ ಊದಿಕೊಳ್ಳುತ್ತದೆ. ತಿಂಗಳಲ್ಲೇ ಆಗಬಹುದು, ವರ್ಷಗಳು ಕಳೆದ ಮೇಲೂ ಆಗಬಹುದು. ಬಳೆ ಬಿಗಿಯಾಯಿತು, ರವಿಕೆಯ ತೋಳು ಹಿಡಿಯಿತು ಎಂಬುದೇ ಮೊದಲ ಸೂಚನೆ. ಆ ಕೈಗೆ ಗಾಯವಾಗದಂತೆ ನೋಡಿಕೊಳ್ಳಬೇಕು. ಜಾಲಿ ಮುಳ್ಳು, ಕುಡುಗೋಲು, ಒಲೆಯ ಬಿಸಿ, ಇವು ನಮ್ಮ ಹಳ್ಳಿಗಳ ಶತ್ರುಗಳು. ಗಾಯವಾದರೆ ಸೋಪಿನಿಂದ ತೊಳೆದು ಔಷಧ ಹಚ್ಚಬೇಕು. ಕೈ ಕೆಂಪಗಾಗಿ ಬಿಸಿಯೇರಿ ಜ್ವರ ಬಂದರೆ ಅಂದೇ ವೈದ್ಯರ ಬಳಿ ಹೋಗಬೇಕು, ನಾಳೆಗೆ ಇಡಬಾರದು. ಸೂಜಿಯನ್ನೂ ರಕ್ತದೊತ್ತಡದ ಪಟ್ಟಿಯನ್ನೂ ಸಾಧ್ಯವಾದಷ್ಟು ಇನ್ನೊಂದು ಕೈಗೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಹಾಗೆಂದು ಕೈಯನ್ನು ಕಟ್ಟಿಡಬೇಕೆ? ಹಿಂದೆ ವೈದ್ಯರೂ ಹಾಗೆಯೇ ಹೇಳುತ್ತಿದ್ದರು, ಭಾರ ಎತ್ತಬೇಡಿ ಎಂದು. ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಿ ನೋಡಿದರು. ಕೈ ಊದಿಕೊಂಡಿದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆರಡು ಸಲ, ತರಬೇತುದಾರರ ಕಣ್ಣೆದುರಿನಲ್ಲಿ, ಕೈಗೆ ಒತ್ತುಪಟ್ಟಿ ತೊಡಿಸಿ, ಅತಿ ಕಡಿಮೆ ತೂಕದಿಂದ ಆರಂಭಿಸಿ ಮೆಲ್ಲಮೆಲ್ಲಗೆ ಹೆಚ್ಚಿಸುತ್ತ ಭಾರ ಎತ್ತಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು: ಭಾರ ಎತ್ತಿದವರ ಊತ ಇತರರಿಗಿಂತ ಹೆಚ್ಚಲಿಲ್ಲ, ಊತ ಕೆರಳುವ ಪ್ರಸಂಗಗಳು ಅವರಲ್ಲಿ ಕಡಿಮೆಯೇ ಆದವು, ಕೈಯ ಬಲವೂ ಹೆಚ್ಚಿತು. ಇಲ್ಲಿ ಮುಖ್ಯವಾದ ಮಾತು 'ಮೆಲ್ಲಮೆಲ್ಲಗೆ' ಎಂಬುದು. ವರ್ಷಗಟ್ಟಲೆ ಸುಮ್ಮನಿದ್ದ ಕೈಯಿಂದ ಒಂದೇ ದಿನ ತುಂಬಿದ ಬಿಂದಿಗೆ ಎತ್ತಿಸಿದರೆ ತೊಂದರೆ ಖಂಡಿತ. ಮೊದಲು ಚೊಂಬು, ಆಮೇಲೆ ಚಿಕ್ಕ ಕೊಡ, ಆಮೇಲೆ ಬಿಂದಿಗೆ. ಕೈ ಭಾರವೆನಿಸಿದರೆ ಒಂದು ಹೆಜ್ಜೆ ಹಿಂದಕ್ಕೆ.

ಅಕ್ಕನಿಗೆ ಹಾಳೆಯಲ್ಲಿದ್ದ ಮೊದಲ ವ್ಯಾಯಾಮ ಬಲು ಸರಳವಾದದ್ದು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯಂತೆ ಗೋಡೆಯ ಮೇಲೆ ನಡೆಸುತ್ತ ಕೈಯನ್ನು ಮೇಲಕ್ಕೆ ಒಯ್ಯುವುದು. ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಮಾಡುವುದು. ನನ್ನ ಚೀಲದಲ್ಲಿ ಸೀಮೆಸುಣ್ಣಕ್ಕೆ ಕೊರತೆಯೇ? ಮಗಳು ದಿನಕ್ಕೊಂದು ಗೆರೆ ಎಳೆದು ತಾರೀಖು ಬರೆದಳು. ಮೊದಲ ವಾರ ಗೆರೆಗಳು ಒಂದರ ಮೇಲೊಂದು ಬಿದ್ದವು. ಎರಡೂವರೆ ತಿಂಗಳಲ್ಲಿ ಗೆರೆ ಅಡಿಗೆಮನೆಯ ಅಟ್ಟದ ಮಟ್ಟಕ್ಕೆ ಏರಿತು. ಅಂದು ಅಕ್ಕ ತಾನೇ ಅಟ್ಟದ ಮೇಲಿನಿಂದ ಉಪ್ಪಿನಕಾಯಿ ಜಾಡಿಯನ್ನು ಎಡಗೈಯ ಆಸರೆಯೊಂದಿಗೆ ಇಳಿಸಿದಳಂತೆ.

ನಡಿಗೆಯನ್ನೂ ಸೇರಿಸಿಕೊಳ್ಳಬೇಕು. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದ 2,987 ದಾದಿಯರನ್ನು ವರ್ಷಗಟ್ಟಲೆ ಗಮನಿಸಿದ ವರದಿಯೊಂದು 2005ರಲ್ಲಿ ಹೊರಬಂತು. ವಾರಕ್ಕೆ ಮೂರರಿಂದ ಐದು ಗಂಟೆ ಸಾಧಾರಣ ವೇಗದಲ್ಲಿ ನಡೆಯುವಷ್ಟು ಚಟುವಟಿಕೆಯಿದ್ದವರಲ್ಲಿ ಆ ರೋಗದಿಂದ ಸತ್ತವರು ಕಡಿಮೆ. ದಿನಕ್ಕೆ ಅರ್ಧ ಗಂಟೆ ಎಂದರಾಯಿತು. "ಮನೆಗೆಲಸ ಮಾಡ್ತೀವಲ್ಲ, ಮತ್ತೆ ನಡಿಗೆ ಯಾಕೆ?" ಎಂದು ಅಕ್ಕನ ಅತ್ತೆ ಕೇಳಿದರು. ಈಗ ಅವರೂ ಸಂಜೆ ಸೊಸೆಯ ಜೊತೆ ಊರ ಹೊರಗಿನ ಗುಡಿಯವರೆಗೆ ಹೋಗಿಬರುತ್ತಾರೆ. ಬೆಂಗಳೂರು ಬಳಿಯ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಸ್ತನ ಕ್ಯಾನ್ಸರ್ ರೋಗಿಗಳಿಗೆ ಯೋಗಾಭ್ಯಾಸ ಮಾಡಿಸಿ ನೋಡಿದ್ದಾರೆ. ಓಕರಿಕೆಯೂ ಆತಂಕವೂ ಕಡಿಮೆಯಾದದ್ದನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಯೋಗವು ಚಿಕಿತ್ಸೆಗೆ ಜೊತೆಗಾರ, ಬದಲಿಯಲ್ಲ. ಈ ಭೇದವನ್ನು ಹಿರಿಯರು ಗಮನಿಸಬೇಕು.

ದಣಿವಿನ ಬಗ್ಗೆ ಒಂದು ಮಾತು. ಔಷಧ ನಿಂತು ವರ್ಷವಾದರೂ ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋತುಬರುತ್ತದೆ. ಮರೆವೂ ಉಂಟು, ಅಕ್ಕ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದುಂಟು. ಇದು ಸೋಮಾರಿತನವಲ್ಲ, ನಟನೆಯಲ್ಲ. ಬೆಳಗಿನ ಹೊತ್ತು ಕೆಲಸ, ನಡುವೆ ಸ್ವಲ್ಪ ವಿಶ್ರಾಂತಿ, ಸಂಜೆ ಮತ್ತೆ ಕೆಲಸ ಎಂದು ಹಂಚಿಕೊಂಡರೆ ದಿನ ಸಾಗುತ್ತದೆ.

ಆಹಾರದ ವಿಷಯದಲ್ಲಿ ಮನೆಗೆ ಬಂದವರೆಲ್ಲ ಒಂದೊಂದು ಪಥ್ಯ ಹೇಳಿದರು. ಹಾಲು ಬೇಡ ಎಂದರು ಒಬ್ಬರು. ಕಡಲೆಕಾಯಿ ನಂಜು ಎಂದರು ಇನ್ನೊಬ್ಬರು. ಕಡಲೆಕಾಯಿಯ ಸೀಮೆಯಲ್ಲಿ ಕಡಲೆಕಾಯಿ ಬೇಡವೆಂದರೆ ತಿನ್ನುವುದೇನು? ಒಂದು ಚಿಟಿಕೆ ಸಕ್ಕರೆ ತಿಂದರೂ ರೋಗ ಮರಳುತ್ತದೆ ಎಂದು ಮೂರನೆಯವರು ಹೆದರಿಸಿದರು. ಇವಾವುದಕ್ಕೂ ಆಧಾರವಿಲ್ಲ. ವೈದ್ಯರು ಹೇಳಿದ್ದು, ಮೈಯ ತೂಕ ಏರಬಾರದು ಎಂದು. ತೂಕ ಏರಿದರೆ ಕೈಯ ಊತಕ್ಕೂ ಕೆಡುಕು, ರೋಗ ಮರುಕಳಿಸುವ ಅಪಾಯಕ್ಕೂ ಕೆಡುಕು. ಅದಕ್ಕಾಗಿ ಬೋಂಡ, ಕರಿದ ತಿಂಡಿ, ಸಿಹಿ ಕಡಿಮೆ. ಮುದ್ದೆ, ಸೊಪ್ಪಿನ ಸಾರು, ಹುರುಳಿ, ತೊಗರಿ, ಅವರೆ, ಮಜ್ಜಿಗೆ, ಆಯಾ ಕಾಲದ ಹಣ್ಣು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ. ಚಿಕಿತ್ಸೆಯಿಂದ ಮುಟ್ಟು ಬೇಗ ನಿಂತ ಹೆಂಗಸರ ಮೂಳೆ ಸವೆಯುವುದುಂಟಾದ್ದರಿಂದ ನಮ್ಮ ಮುದ್ದೆ ಅವರಿಗೆ ಒಳ್ಳೆಯ ಆಹಾರ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದವರು ಅದನ್ನು ಬಿಡಲೇಬೇಕು. ನಾಟಿ ಮದ್ದು ಕೊಡುತ್ತೇನೆ, ಆಸ್ಪತ್ರೆಯ ಮಾತ್ರೆ ಬಿಡಿ ಎನ್ನುವವರು ಬಂದರೆ ಕಾಫಿ ಕೊಟ್ಟು ಕಳುಹಿಸಿ.

ಆ ಮಾತ್ರೆಯ ವಿಷಯ ಮರೆಯಬಾರದು. ಹಾರ್ಮೋನಿನ ಪ್ರಭಾವದಿಂದ ಬೆಳೆಯುವ ಬಗೆಯ ಗಂಟಾಗಿದ್ದರೆ ಟಮಾಕ್ಸಿಫೆನ್ ಮುಂತಾದ ಮಾತ್ರೆಯನ್ನು ದಿನಕ್ಕೊಂದರಂತೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ ಕೊಡುತ್ತಾರೆ. ನೋವಿಲ್ಲ, ಗಂಟಿಲ್ಲ, ಮತ್ತೇಕೆ ಮಾತ್ರೆ ಎಂದು ಎರಡನೆಯ ವರ್ಷದಲ್ಲಿಯೇ ನಿಲ್ಲಿಸುವವರುಂಟು. ನಮ್ಮ ಬೇಸಿಗೆಯಲ್ಲಿ ಈ ಮಾತ್ರೆಯಿಂದ ಮೈಗೆ ಬಿಸಿ ಏರಿದಂತಾಗುವುದು ನಿಜ, ಬೆವರುವುದು ನಿಜ. ಹಾಗಾದರೆ ವೈದ್ಯರಿಗೆ ಹೇಳಬೇಕು, ತಾನಾಗಿ ಬಿಡಬಾರದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಂಡರೆ ಅದನ್ನೂ ಹೇಳಬೇಕು. ಅಕ್ಕನ ಮನೆಯಲ್ಲಿ ಕ್ಯಾಲೆಂಡರಿನ ಚೌಕಗಳಲ್ಲಿ ಗುರುತು ಹಾಕುವ ಕೆಲಸ ಮಗನದು.

ಇನ್ನು ನೋಟಕ್ಕೂ ಸಮಾಜಕ್ಕೂ ಸಂಬಂಧಿಸಿದ ಮಾತುಗಳು. ಕೂದಲು ಉದುರಿದ ದಿನಗಳಲ್ಲಿ ಅಕ್ಕ ಕೇಳಿದವರಿಗೆಲ್ಲ ತಿರುಪತಿಯಲ್ಲಿ ಮುಡಿ ಕೊಟ್ಟೆ ಎಂದು ಹೇಳಿದಳು. ಯಾರೂ ಮರುಮಾತಾಡಲಿಲ್ಲ, ಕೆಲವರು ಕೈಯನ್ನೂ ಮುಗಿದರು! ಕೂದಲು ಮತ್ತೆ ಬಂತು, ಮೊದಲಿಗಿಂತ ಸ್ವಲ್ಪ ಗುಂಗುರಾಗಿ. ಸ್ತನ ತೆಗೆದ ಕಡೆ ರವಿಕೆಯೊಳಗೆ ಇಟ್ಟುಕೊಳ್ಳಲು ಸಿಲಿಕೋನಿನವೂ ಸಿಗುತ್ತವೆ, ಬೆಲೆ ಹೆಚ್ಚು. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಅರಳೆ ತುಂಬಿ ನಾನೇ ಹೊಲಿದುಕೊಟ್ಟೆ. ಬಳೆಯದೇ ದೊಡ್ಡ ಪಂಚಾಯಿತಿಯಾಯಿತು. ಬಿಗಿಯಾದ ಗಾಜಿನ ಬಳೆ ಆ ಕೈಗೆ ಬೇಡವೆಂದರೆ, ಮುತ್ತೈದೆ ಬರಿಗೈಯಲ್ಲಿರಬಹುದೇ ಎಂದು ಅತ್ತೆಗೆ ಚಿಂತೆ. ಸಡಿಲವಾದ ಎರಡು ಲೋಹದ ಬಳೆ ಹಾಕಿ ಅದನ್ನು ಬಗೆಹರಿಸಿದೆವು. ಆದರೆ ಬಂಧುಗಳ ಮನೆಯ ಒಂದು ಮದುವೆಯಲ್ಲಿ ಅವಳ ಮುಂದಿದ್ದ ಕುಂಕುಮದ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಶಸ್ತ್ರಚಿಕಿತ್ಸೆಯ ದಿನವೂ ಅಳದ ಅಕ್ಕ ಅಂದು ಅತ್ತಳು. ಸರಿಸಿದವರು ಕೆಟ್ಟವರೇನಲ್ಲ, ರೋಗ ಅಂಟುತ್ತದೆಂದು ಹೆದರಿದವರು. ಅದಕ್ಕೇ ಮೇಲೆ ಅಂಟುವುದಿಲ್ಲ ಎಂಬುದನ್ನು ಅಷ್ಟು ಒತ್ತಿ ಬರೆದೆ.

ಮನಸ್ಸಿನ ಭಯ ಬೇಗ ಹೋಗುವುದಿಲ್ಲ. ಬೆನ್ನು ನೋವು ಬಂದರೂ ಅದೇ ರೋಗವೇ ಎಂಬ ಶಂಕೆ. ಬೆಂಗಳೂರಿನ ಭಾರತಿ ಬಿ.ವಿ. ಅವರು ತಮಗೆ ಬಂದ ಸ್ತನ ಕ್ಯಾನ್ಸರಿನ ಅನುಭವವನ್ನು 'ಸಾಸಿವೆ ತಂದವಳು' ಎಂಬ ಪುಸ್ತಕವಾಗಿ ಬರೆದಿದ್ದಾರೆ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು ಬುದ್ಧನು ಕಿಸಾಗೋತಮಿಗೆ ಹೇಳಿದ ಕಥೆಯನ್ನು ಆ ಹೆಸರು ನೆನಪಿಗೆ ತರುತ್ತದೆ. ಅದನ್ನು ಅಕ್ಕನಿಗೆ ಕೊಟ್ಟೆ. ಮೊದಲು ಒಬ್ಬಳೇ ಓದಿದಳು, ಆಮೇಲೆ ತನ್ನ ಡ್ವಾಕ್ರಾ ಸಂಘದ ಹೆಂಗಸರಿಗೆ ಓದಿ ಹೇಳಿದಳು. ಮರುವಾರ ಅವರಲ್ಲೊಬ್ಬರು ತಮಗೂ ಒಂದು ಗಂಟಿದೆ ಎಂದು ಹೇಳಿಕೊಂಡು ಆಸ್ಪತ್ರೆಗೆ ಹೋಗಿ ಬಂದರು. ಅದು ಸಾಮಾನ್ಯ ಗಂಟಾಗಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗಾಗಿ ಇನ್ನೊಬ್ಬ ಲೇಖಕಿಯ ವಿಷಯ. ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ಅರಿವಳಿಕೆ ಎಂಬುದು ಆಗ ಇರಲಿಲ್ಲ, ಎಚ್ಚರವಿದ್ದೇ ಸಹಿಸಿದಳು. ಅದನ್ನು ಅಕ್ಕನಿಗೆ ಬರೆದ ಕಾಗದದಲ್ಲಿ ವರ್ಣಿಸಿದ್ದಾಳೆ. ಅಲ್ಲಿಗೆ ಅವಳ ಬಾಳು ಮುಗಿಯಲಿಲ್ಲ. 1814ರಲ್ಲಿ ಹೊಸ ಕಾದಂಬರಿ ತಂದಳು, 1832ರಲ್ಲಿ ತಂದೆಯ ಜೀವನಚರಿತ್ರೆ ಪ್ರಕಟಿಸಿದಳು, 1840ರಲ್ಲಿ 87ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಇಂದಿನ ಚಿಕಿತ್ಸೆ ಎಷ್ಟೋ ಮೃದುವಾಗಿದೆ. ಆರಂಭದಲ್ಲಿಯೇ ಪತ್ತೆಯಾದ ಗಂಟಾದರೆ ಸ್ತನವನ್ನು ಉಳಿಸಿ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುವ ಸಾಧ್ಯತೆ ಅಷ್ಟೇ ಎಂದು ಬರ್ನಾರ್ಡ್ ಫಿಶರ್ ಎಂಬ ವೈದ್ಯರ ತಂಡ 1985ರಲ್ಲಿ ತೋರಿಸಿಕೊಟ್ಟಿತು. ಅಕ್ಕ ಮೂರು ತಿಂಗಳು ಮೊದಲೇ ಹೇಳಿದ್ದರೆ ಎಂದು ನಾನು ಈಗಲೂ ಲೆಕ್ಕ ಹಾಕುವುದುಂಟು.

ಪೋಷಕರಿಗೆ ಉಪಯೋಗವಾಗುವ ಎರಡು ಸಂಗತಿ. ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆ ಮಾತ್ರವಲ್ಲ, ಆಮೇಲಿನ ತಪಾಸಣೆಗೆ ಹೋಗುವಾಗಲೂ ರೈಲಿನಲ್ಲಿ ರಿಯಾಯಿತಿ ಇದೆ. ಎರಡನೆಯ ದರ್ಜೆಯಲ್ಲಿ ನೂರಕ್ಕೆ 75ರಷ್ಟು, ಜೊತೆಗೆ ಹೋಗುವ ಒಬ್ಬರಿಗೂ. ಆಸ್ಪತ್ರೆಯಿಂದ ಗೊತ್ತಾದ ನಮೂನೆಯಲ್ಲಿ ಪ್ರಮಾಣಪತ್ರ ಪಡೆಯಬೇಕು. ಎರಡನೆಯದಾಗಿ, 2007ರಲ್ಲಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಗೆ ಬಂದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಈಗ ಅದಕ್ಕೆ ಎನ್.ಟಿ.ಆರ್. ವೈದ್ಯ ಸೇವೆ ಎಂಬ ಹೆಸರು. ಕಾರ್ಡು ಯಾವ ಊರಿನ ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ಸಲ್ಲುತ್ತದೆ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಮಕ್ಕಳೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ತಾಯಿ ಇದ್ದರೆ ಕಂಡಾಗಲೆಲ್ಲ ವಾಸಿಯಾಯಿತೇ ಎಂದು ಕೇಳಬೇಡಿ. ಮನೆಗೆಲಸವನ್ನು ಗಂಡುಮಕ್ಕಳೂ ಹಂಚಿಕೊಳ್ಳಿ. ಹೆಣ್ಣುಮಗಳೊಬ್ಬಳೇ ಶಾಲೆ ಬಿಡುವಂತಾಗಬಾರದು. ಆದರೆ ಅಮ್ಮನ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳಲೂ ಬೇಡಿ. ಯಾವ ಕೆಲಸ ಬೇಕು, ಯಾವುದು ಬೇಡ ಎಂದು ಅವರನ್ನೇ ಕೇಳಿ. ನನ್ನ ಅಕ್ಕ ಇಟ್ಟುಕೊಂಡದ್ದು ಅಡಿಗೆ ಮತ್ತು ಹಾಲಿನ ಲೆಕ್ಕ. ಬಿಟ್ಟುಕೊಟ್ಟದ್ದು ಎಮ್ಮೆಯ ಮೇವು ಕೊಯ್ಯುವುದು. ಮಗಳು ಮತ್ತೆ ದಿನವೂ ಶಾಲೆಗೆ ಹೋಗತೊಡಗಿ ಹತ್ತನೆಯ ತರಗತಿಯನ್ನು ಪಾಸು ಮಾಡಿದಳು.

ಮೊದಲ ವರ್ಷಗಳಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆಯಿತ್ತು, ಈಗ ವರ್ಷಕ್ಕೊಮ್ಮೆ. ಆಗ ಎಡಗಡೆಯ ಸ್ತನದ ಎಕ್ಸ್-ರೇ, ಅಂದರೆ ಮ್ಯಾಮೋಗ್ರಾಮ್ ತೆಗೆಯುತ್ತಾರೆ. ಸಂಕ್ರಾಂತಿ ಮುಗಿದ ವಾರ ಅಕ್ಕ ಪಾವಗಡದ ಮೇಲೆ ಬಸ್ಸಿನಲ್ಲಿ ಹಿಂದೂಪುರಕ್ಕೆ ಬರುತ್ತಾಳೆ, ಮರುದಿನ ಬೆಳಗ್ಗೆ ಇಬ್ಬರೂ ರೈಲು ಹತ್ತುತ್ತೇವೆ. ಈ ಸಲವೂ ಆ ದಿನಕ್ಕೆ ರಜೆ ಬೇಕೆಂದು ಮುಖ್ಯೋ­ಪಾಧ್ಯಾಯರಿಗೆ ಆಗಲೇ ಅರ್ಜಿ ಕೊಟ್ಟಿದ್ದೇನೆ.